ಕಾಜ

ಚುಚ್ಚುವುದು ನನ್ನ ಕೆಲಸ.
ಪೊರಿರುವಾದ ಡಯಾಲಿಸಿಸ್ ಕೇಂದ್ರ,
ಬೆಳಗಿನ ಆರೂವರೆಯ ಪಾಳಿ; ಹೊರಗೆ
ಬಾಗಿಲನ್ನೇ ಕಿತ್ತೊಯ್ಯುವಂಥ ಗಾಳಿ.
ಒಬ್ಬೊಬ್ಬರಿಗೆ ಎರಡು ಸೂಜಿ:
ರಕ್ತ ಹೊರಡಲು ಒಂದು, ಮನೆಗೆ ಮರಳಲು ಇನ್ನೊಂದು.
ವಾರಕ್ಕೆ ಮೂರು ಸಲ. ಲೆಕ್ಕ ನೀವೇ ಹಾಕಿ,
ನಾನು ಹಾಕುವುದನ್ನು ಬಿಟ್ಟಿದ್ದೇನೆ.

ಆರನೇ ಕುರ್ಚಿಯ ಪೆಟೆಲೊ ಸಮೋವಾದವನು,
ಬಸ್ಸು ಓಡಿಸುತ್ತಿದ್ದವನು, ಕುರ್ಚಿ ಸಾಲದಷ್ಟು ಬೆನ್ನು.
ಸೊಂಟದಿಂದ ಮೊಣಕಾಲವರೆಗೆ ಹಚ್ಚೆ.
ಹಂದಿಯ ಕೋರೆಹಲ್ಲಿನ ಬಾಚಣಿಗೆ, ಅದರ ಮೇಲೆ ಕೊಡತಿಯ ಏಟು,
ಹನ್ನೆರಡು ದಿನ ಚಾಪೆಯ ಮೇಲೆ ಬಿದ್ದಿದ್ದನಂತೆ
ಒಂದು ಸಲವೂ ‘ಸಾಕು’ ಎನ್ನದೆ.
ಅಂಥವನು ನನ್ನ ಟ್ರೇ ಕಂಡರೆ
ಗೋಡೆಯ ಕಡೆ ತಿರುಗುತ್ತಿದ್ದ.
ಆನೆ ದಾಟಿತು, ಬಾಲ ಸಿಕ್ಕಿಕೊಂಡಿತು.

ನಕ್ಕಿದ್ದೆ ನಾನು, ಮೊದಲ ವಾರ.
ಆಮೇಲೆ ಕೇಳಿದೆ.
“ಅಲ್ಲಿ ತಲೆಯಿಡಲು ಅತ್ತೆಯ ತೊಡೆಯಿತ್ತು,” ಎಂದ.
“ಚರ್ಮ ಬಿಗಿಹಿಡಿಯಲು ಇಬ್ಬರು, ಹಾಡಲು ಊರು.
ಪಕ್ಕದ ಚಾಪೆಯಲ್ಲಿ ನನ್ನ ಜೋಡಿ, ಇನ್ನೊಬ್ಬ ಹುಡುಗ.
ಒಂಟಿಯಾಗಿ ಹಾಕಿಸಿಕೊಳ್ಳಬಾರದು ನಮ್ಮಲ್ಲಿ.
ಮುಗಿದ ದಿನ ಮೈತುಂಬ ಎಣ್ಣೆ, ಅರಿಸಿನ.
ಇಲ್ಲಿ? ಇಲ್ಲಿ ಟೀವಿ ಇದೆ.
ಮತ್ತೆ, ಇದು ಮುಗಿಯುವುದೂ ಇಲ್ಲ.”

ನನ್ನಲ್ಲಿ ಉತ್ತರವಿರಲಿಲ್ಲ, ಮುಲಾಮಿತ್ತು.
ಮನೆಯಲ್ಲೇ ಹಚ್ಚಿಕೋ, ಒಂದು ಗಂಟೆ ಮೊದಲು,
ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತು ಎಂದೆ.
ಬಂದ, ನಿನ್ನೆ ಉಳಿದ ಮೀನಿನ ಹಾಗೆ
ತೋಳನ್ನು ಸುತ್ತಿಕೊಂಡು.
ಚರ್ಮ ಮರಗಟ್ಟಿತ್ತು; ಭಯ ಮರಗಟ್ಟಿರಲಿಲ್ಲ.

ಆಗ ಅಮ್ಮ ನೆನಪಾದಳು.
ಇಲೊಯಿಲೊದಲ್ಲಿ ಷರಟಿನ ಅಂಗಡಿಗೆ
ಕಾಜ ಹೊಲಿದುಕೊಡುತ್ತಿದ್ದಳು, ಡಜನ್ನಿಗಿಷ್ಟು ಎಂದು.
“ಹೊಸ ಕಾಜ ಗುಂಡಿಯೊಡನೆ ಜಗಳಾಡುತ್ತದೆ.
ಅದೇ ಗುಂಡಿ, ಅದೇ ಕೈ, ಹತ್ತು ಸಲ ಹಾಕು;
ಹನ್ನೊಂದನೆಯದಕ್ಕೆ ಬಟ್ಟೆಯೇ ದಾರಿ ಬಿಡುತ್ತದೆ.”
ನಮ್ಮ ಪಾಠದಲ್ಲೂ ಇದಕ್ಕೆ ಕಾಜವೆಂದೇ ಹೆಸರು:
ಅದೇ ತಾವು, ಅದೇ ಓರೆ, ಅದೇ ಆಳ, ಒಬ್ಬರದೇ ಕೈ.
ಕೆಲವು ವಾರಕ್ಕೆ ಒಳಗೊಂದು ಸುರಂಗ ಮಾಗಿ
ಹರಿತದ ಸೂಜಿ ಬೇಡವಾಗುತ್ತದೆ, ಮೊಂಡು ಸಾಕು.

ರಜೆ ಕೇಳದೆ ನಾನೇ ಚುಚ್ಚಿದೆ, ಮೂರು ವಾರ.
ತೊಳೆ, ಮತ್ತೆ ತೊಳೆ. ಹಕ್ಕಳೆಯನ್ನು ನೆನೆಸಿ
ಮೆತ್ತಗೆ ಎತ್ತು, ಸಾಸಿವೆಯಷ್ಟೇ ಅದು,
ಉಳಿದರೆ ಕೀವಾದೀತು; ಸೋಮಾರಿಗಲ್ಲ ಈ ವಿದ್ಯೆ.
ಧಮನಿಗೆ ಸಿರೆಯನ್ನು ಹೊಲಿದ ಜಾಗದಲ್ಲಿ
ಕಿವಿಯಿಟ್ಟರೆ ಜೇನುಗೂಡಿನ ಗುಂಯ್.
ನಾಲ್ಕನೇ ವಾರ ಅವನೆಂದ, “ಕೊಡು ಇಲ್ಲಿ.”
ದಪ್ಪ ಬೆರಳು, ಸ್ಟಿಯರಿಂಗ್ ತಿರುಗಿಸಿದ ಬೆರಳು,
ಸೂಜಿಯನ್ನು ಬೀಗದ ಕೈಯಂತೆ ಹಿಡಿದು
ಉಸಿರು ಬಿಡುತ್ತ, ಬಿಡುತ್ತ,
ತಾನೇ ಒಳಗೆ ಹೋದ.
“ನೋವಿದೆಯಾ?”
“ಇದೆ. ಆದರೆ ನನ್ನದು.”

ಕಳೆದ ಮಂಗಳವಾರ ಹೊಸಬಳು ಬಂದಳು. ಕಹುರಂಗಿ, ಹತ್ತೊಂಬತ್ತು.
ಮುಸುಕಿನ ಟೋಪಿಯೊಳಗೆ ಮುಖ, ತೋಳು ಕೊಡಲೊಲ್ಲಳು.
ಪೆಟೆಲೊ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ತಳ್ಳಿಸಿಕೊಂಡ;
ಹಾಗೆ ಮಾಡುವಂತಿಲ್ಲ, ನಾನು ಆಚೆ ನೋಡಿದೆ.
“ಮೊದಲು ನಾನು. ನೀನು ನೋಡುತ್ತಿರು,” ಎಂದ.
“ಇದಕ್ಕೆ ಜೋಡಿ ಬೇಕು, ಮಗಳೇ.”
ನೋಡಿದಳು. ಆಮೇಲೆ ನನ್ನ ಸರದಿ.

ಅವಳಿಗೆ ಇನ್ನೂ ಹರಿತದ ಸೂಜಿಯೇ. ಕಿರುಚಿದಳು.
ನನ್ನ ಕೈ ಚೂರೂ ನಡುಗಲಿಲ್ಲ ಎಂದರೆ ಸುಳ್ಳು.
ಗಾಳಿ ಕಿಟಕಿಗೆ ಬಡಿಯುತ್ತಿತ್ತು;
ಅವನು ಬಲಗೈಯಲ್ಲಿ ಕುರ್ಚಿಯ ಅಂಚಿಗೆ
ಸಣ್ಣಗೆ ಏಟು ಹಾಕುತ್ತ, ಕೊಡತಿಯ ಲಯಕ್ಕೆ,
ಏನೋ ಗುನುಗಿದ.

ಮಧ್ಯಾಹ್ನ ಹೊರಡುವಾಗ ಅವಳು ಕೇಳಿದಳು,
“ಗುರುವಾರ ಆ ಅಜ್ಜ ಬರ್ತಾನೆ ತಾನೇ?”
ಬರದೆ ಎಲ್ಲಿ ಹೋಗುತ್ತಾನೆ.
ಬರುತ್ತಾನೆ, ಎಂದೆ.