ತೂಗುನೂಲು

ನನ್ನದು ಹನಿಯ ಕಸುಬು.
ಸಕ್ಕರೆ ಗುಳಿಗೆಗೆ ಒಂದು, ಹೆಚ್ಚೆಂದರೆ ಎರಡು.
ಮದ್ದು ಕಡಿಮೆಯಾದಷ್ಟೂ ಬಲ ಜಾಸ್ತಿ ಎಂದು
ಇಪ್ಪತ್ತು ವರ್ಷದಿಂದ ಹೇಳುತ್ತ ಬಂದವಳು,
ಸೊಲ್ಲಾಪುರದ ಜೋಡಬಸವಣ್ಣ ಚೌಕದ ಹಿಂದಿನ ಗಲ್ಲಿಯಲ್ಲಿ,
ಮಗ್ಗದ ಮನೆಯ ಮಹಡಿ ಮೇಲೆ.

ಪರ್ಮಿಟ್ ರೂಮೊಂದು ಬಾಗಿಲು ಹಾಕಿತು.
ಕುರ್ಚಿ ಯಾರೋ ಒಯ್ದರು, ಫ್ರಿಜ್ಜು ಇನ್ಯಾರೋ.
ಉಳಿದ ಗಾಜಿನ ಪೆಟ್ಟಿಗೆ ಅಗ್ಗಕ್ಕೆ ನನಗೆ ಬಿತ್ತು:
ನಾಲ್ಕಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ.
ಸರದಿ ಕಾಯುವ ಮಕ್ಕಳು ಅಳು ಮರೆತು ಮೀನು ನೋಡಲಿ ಎಂದು.

ಖಾಲಿ ಪೆಟ್ಟಿಗೆ, ಇಬ್ಬರು ಹೊತ್ತು ತಂದರು.
"ನೀರು ತುಂಬಿದ ಮ್ಯಾಲೆ?" ಕೇಳಿದ ಗವಂಡಿ ಮಸ್ತಾನ.
ಕಾಗದ ತೆಗೆದೆ. ಇನ್ನೂರೈವತ್ತು ಲೀಟರು,
ಲೀಟರಿಗೊಂದು ಕಿಲೋ; ಉಸುಕು, ಕಲ್ಲು, ಗಾಜು, ಕಬ್ಬಿಣದ ಸ್ಟ್ಯಾಂಡು,
ಮುನ್ನೂರೈವತ್ತರ ಮೇಲೆ ಪೆನ್ನು ನಿಂತಿತು.
ಸೊನ್ನೆಗಳ ರೂಢಿ ನನಗಿತ್ತು, ನಿಜ.
ಆದರೆ ಅವೆಲ್ಲ ಬಿಂದುವಿನ ಬಲಗಡೆಯವು.

"ನಾಕು ಮಂದಿ ಪೈಲವಾನರು ಅಂತ ತಿಳೀರಿ ಬಾಯಿ,
ಒಂದ ಮೂಲ್ಯಾಗ ಹೆಗಲಿಗೆ ಹೆಗಲು ಹಚ್ಚಿ ನಿಂತಾರ.
ಹಬ್ಬಕ್ಕೂ ಮನಿಗೆ ಹೋಗಂಗಿಲ್ಲ."

ನಾನು ತೋರಿಸಿದ್ದು ಕೋಣೆಯ ನಡುವೆ, ಬೆಳಕು ಬೀಳುವಲ್ಲಿ.
ಮಸ್ತಾನ ಮೊಣಕಾಲೂರಿ ಫರಸಿಗೆ ಗೆಣ್ಣು ಬಡಿದ,
ಕಿವಿಯಿಟ್ಟ. ನನ್ನ ಸ್ಟೆತಾಸ್ಕೋಪು ಇಸಗೊಂಡು
ಕಲ್ಲಿಗೆ ಹಚ್ಚಿ ನೋಡಿ, ನಗುತ್ತ ವಾಪಸು ಕೊಟ್ಟ.
"ಕೆಳಗ ಹೋಗೂಣು ನಡೀರಿ.
ಗರ್ಡರು ಮ್ಯಾಲಿನವರಿಗೆ ಕಾಣಂಗಿಲ್ಲ."

ಕೆಳಗೆ ಯೆಮೂಲ ಅಂಬಾದಾಸರ ನಾಲ್ಕು ಮಗ್ಗ,
ಟವೆಲು ನೇಯುವ ಗದ್ದಲ, ಸೂರಿನ ತುಂಬ ಹತ್ತಿಯ ಬೂಷ್ಟು.
ಬೆರಳೆತ್ತಿ ಎಣಿಸಿದ: ಒಂದು ಗರ್ಡರು, ಎರಡು, ಮೂರು,
ನಡುನಡುವೆ ಹಾಸಿದ ಕಲ್ಲು.
ನನ್ನ ಬೆಳಕಿನ ಜಾಗದ ನೇರ ಕೆಳಗೆ
ಗರ್ಡರಿರಲಿಲ್ಲ.
ನರಸವ್ವ ಇದ್ದಳು,
ಕಂಡಿಕೆ ಸುತ್ತುತ್ತ. ತಲೆಯೆತ್ತಿ ಕೇಳಿದಳು:
"ಏನ ನೋಡತೀರಿ ಡಾಕ್ಟರಬಾಯಿ, ಜೇಡ ಐತೇನು?"

ಇಲ್ಲ ಎಂದೆ. ಅಷ್ಟೇ ಎಂದೆ.
ನನ್ನ ನೆಲ ಇವಳ ಸೂರು ಎಂಬುದು
ಬಾಡಿಗೆಯ ಕರಾರಿನಲ್ಲಿ ಎಲ್ಲೂ ಬರೆದಿರಲಿಲ್ಲ.

ಹಾಗಾಗಿ ಕತ್ತಲ ಮೂಲೆ. ಗರ್ಡರುಗಳ ತುದಿ ಹೊಕ್ಕ ಗೋಡೆಗೆ ಆತು,
ಎರಡಕ್ಕೂ ಅಡ್ಡಲಾಗಿ; ಸ್ಟ್ಯಾಂಡಿನ ಕಾಲಡಿ ಸಾಗವಾನಿ ಹಲಗೆ.
ಕಾಲು ಚುಚ್ಚಬಾರದು, ಹಲಗೆ ಹಂಚಿಕೊಳ್ಳಬೇಕು.

ನಾಲ್ಕು ದಿನಕ್ಕೊಮ್ಮೆ ನಳ ಬರುವ ಊರಲ್ಲಿ
ಮೀನಿಗೆ ಇಷ್ಟು ನೀರೇ ಎಂದು ಅಂಬಾದಾಸರು ಕೇಳಲಿಲ್ಲ.
ಗರ್ಡರಿಗೆ ಹುರಿಯೆಳೆ ಕಟ್ಟಿ, ತುದಿಗೊಂದು ನಟ್ಟು ತೂಗಿ,
ಕೆಳಗಿನ ಕಲ್ಲಿಗೂ ನಟ್ಟಿಗೂ ನಡುವೆ
ಒಂದು ಪೋಸ್ಟ್‌ಕಾರ್ಡು ಹಾಯುವಷ್ಟು ಸಂದು ಬಿಟ್ಟರು.
"ಕಾರ್ಡು ಸಿಕ್ಕೊಂಡ್ರ ನೀರು ನಿಲ್ಲಸ್ರಿ."

ಅರ್ಧ ತುಂಬಿ ರಾತ್ರಿ ಬಿಟ್ಟೆವು.
ಮನೆಗೆ ಹೋಗಿ ಮಲಗಿದೆ. ನಿದ್ದೆಯಲ್ಲ ಅದು.
ಬೆಳಗ್ಗೆ ಕಾರ್ಡು ಹಾಯಿತು. ಮತ್ತೆ ಬಕೆಟು, ಮತ್ತೆ ಬಕೆಟು.
ಸಂಜೆಗೆ ಹಾಯಿತು, ಆದರೆ ನಟ್ಟನ್ನು ಸವರಿಕೊಂಡು.
"ಮನಿ ಸೈತ ಉಸುರು ಬಿಡತೈತಿ, ಅಂಜಬ್ಯಾಡ್ರಿ" ಅಂದ ಮಸ್ತಾನ.
ನಾನು ಮೂರು ಬಕೆಟು ವಾಪಸು ತೋಡಿದೆ.
ಕಡಿಮೆಯ ಮೇಲಿನ ನನ್ನ ನಂಬಿಕೆ
ಮೊದಲ ಸಲ ಒಂದು ಮನೆಗೆ ಕೆಲಸಕ್ಕೆ ಬಂತು.

ಈಗ ಅಂಚಿಗೆ ಮೂರು ಬೆರಳು ಕೆಳಗೆ ನೀರು.
ಎಂಟಕ್ಕೆ ಮಗ್ಗ ಶುರುವಾದರೆ ಮೇಲ್ಮೈ ತುಂಬ ಸಣ್ಣ ನಡುಕ;
ಮೀನುಗಳು ಒಂದು ವಾರ ಗೋಡೆಗೆ ಮುಖ ಮಾಡಿದವು,
ಆಮೇಲೆ ರೂಢಿಯಾಯಿತು. ಕರೆಂಟು ಹೋದ ದಿನವೇ
ಗಾಬರಿಯಿಂದ ಅತ್ತಿತ್ತ ತಿರುಗುತ್ತವೆ.

ನೂಲು ಇನ್ನೂ ತೂಗುತ್ತಿದೆ, ಯಾರೂ ಬಿಚ್ಚಿಲ್ಲ.
ನರಸವ್ವ ಕೂಡುವ ಮುಂಚೆ ಕಾರ್ಡು ಹಾಯಿಸಿ ನೋಡಿ
ಜೇಡದ ಬಲೆ ತೆಗೆಯುವ ಕೋಲಿನಿಂದ
ಸೂರಿಗೆ ಒಮ್ಮೆ ಕುಟ್ಟುತ್ತಾಳೆ.
ಮೇಲೆ ನೀರಿನಲ್ಲಿ ಒಂದು ಬಳೆ ಏಳುತ್ತದೆ.
ಅದು ದಂಡೆ ಮುಟ್ಟಲಿ ಎಂದು ಕಾದು
ಮೀನಿಗೆ ಕಾಳು ಹಾಕುತ್ತೇನೆ.