ಪುಕ್ಕಟೆ ಗಾಳಿ

ದೋಹಾದಲ್ಲಿ ಶುಕ್ರವಾರವೆಂದರೆ ಮಾಲು.
ಹೊರಗೆ ನಲವತ್ತೆಂಟು ಡಿಗ್ರಿ, ಒಳಗೆ ಪುಕ್ಕಟೆ ತಂಪು.
ಏನೂ ಕೊಳ್ಳುವುದಿಲ್ಲ ಎಂಬ ಕರಾರಿನ ಮೇಲೆ
ಇಬ್ಬರ ಕೈ ಹಿಡಿದು ಸುತ್ತು ಹೊಡೆಯುತ್ತಿದ್ದೆ,
ಚಪ್ಪಲಿ ಅಂಗಡಿ, ಅತ್ತರಿನಂಗಡಿ, ಮತ್ತೆ ಚಪ್ಪಲಿ ಅಂಗಡಿ.
ತಿಪ್ಪೇಶ ಮೇಲೆಲ್ಲೋ, ಸೂರಿನ ಕೊಳವೆಗಳ ನಡುವೆ,
ಸ್ಕ್ರೂ ಬಿಗಿಯುತ್ತಿರುತ್ತಿದ್ದ.
‘ಈ ಗಾಳಿ ನಮ್ಮಪ್ಪಂದು’ ಅಂತ ಗಗನ
ಸೀರೆಯಿಲ್ಲದ ಗೊಂಬೆಗಳಿಗೂ ಹೇಳಿ ಬರುತ್ತಿದ್ದ.

ಈ ಸಲ ನಾವು ಮೂವರೇ ಬಂದೆವು.
ಅಲ್ಲಿ ಇದು ಗಾಳಿ ಕೆಡುವ ಕಾಲ, ಅವನಿಗೆ ರಜೆಯಿಲ್ಲ.

ದುರ್ಗದ ಕೋಟೆ ಹತ್ತಿಸಿದೆ.
‘ಏಳು ಸುತ್ತಾ? ಲಿಫ್ಟು ಎಷ್ಟನೇ ಸುತ್ತಲ್ಲಿ?’
ಚಿಕ್ಕವಳ ಮಾತಿಗೆ ಶೇಂಗಾ ಮಾರುವಾಕೆ ಬಿದ್ದು ಬಿದ್ದು ನಕ್ಕು
ಫ್ರಾಕಿನ ಜೇಬಿಗೆ ಬೊಗಸೆ ಸುರಿದಳು.
ನಾನು ಪರ್ಸು ತೆಗೆದರೆ ಮಗಳಿಗೆ ಗಾಬರಿ:
‘ಅಮ್ಮಾ, ಕೊಳ್ಳಲ್ಲ ಅಂದಿದ್ವಲ್ಲ!’

ಮೇಲೆ, ತುಪ್ಪದ ಕೊಳದ ಬುಡದಲ್ಲಿ,
ಎರಡು ಬಂಡೆಗಳ ಸಂದಿಯಿಂದ
ಸುಂಯ್ ಅಂತ ಬಂತು.
ಗಗನ ನಿಂತ. ತಲೆಯೆತ್ತಿ ಸೂರು ಹುಡುಕಿದ,
ಬರೀ ಆಕಾಶ, ಒಂದು ಹದ್ದು.
ಆಮೇಲೆ ಸಂದಿಗೆ ಬಾಯಿಟ್ಟು ಕೂಗಿದ:
‘ಅಪ್ಪಾ, ಸ್ವಲ್ಪ ಕಮ್ಮಿ ಮಾಡು,
ಪಾಪೂಗೆ ಚಳಿ.’