ಮುದ್ದತು

ನವನಗರದ ಕೋರ್ಟಿನಾಗ ಗುಮಾಸ್ತ
ಕಾಗದ ಮಡಚಿ ತಿರುಗಿ ಕೊಟ್ಟ:
"ಮುದ್ದತು ಮುಗದೈತಿ ತಂಗಿ,
ಮೂರ ವರ್ಷದಾಗ ಬರಬೇಕಿತ್ತು."

ಆಗ ನನಗ ಒಂಬತ್ತು.
ಮೂರ ಕೂಡಿಸಿದರ ಹನ್ನೆರಡು.
ಹನ್ನೆರಡಕ್ಕ ನನಗ ಅದರ ಹೆಸರೂ ಗೊತ್ತಿರಲಿಲ್ಲ.

ಹೊಲಿಗಿ ಮಾಸ್ತರನ ಖೋಲಿ
ಹಳೇ ಊರಿನ ಜೋಡಿ ಮುಳುಗಿತು.
ಪರಿಹಾರದ ಚೆಕ್ಕು ಅವಗ
ವ್ಯಾಳ್ಯಾಕ್ಕ ಸರಿಯಾಗಿ ಬಂತು.

ಖರೆ, ಬ್ಯಾಸಗಿ ಬಂದರ
ಘಟಪ್ರಭಾ ಹಿಂದ ಸರೀತಾಳ.
ನೀರಾಗಿಂದ ಮೊದಲ ಗ್ವಾಡಿ ಏಳತೈತಿ,
ಆಮ್ಯಾಲ ಚಿಲಕದ ತೂತು,
ಕಡೀಕ, ಒಂಬತ್ತರ ಎತ್ತರಕ್ಕ,
ಕಲ್ಲಿನ ಮ್ಯಾಲ ನಾ ಕತ್ತರಿಲೆ ಗೀರಿದ ಗೆರಿ.

ಕಾಯ್ದೆ ತಿದ್ದತಾರಂತ, ವರ್ಷ ಹೆಚ್ಚಿಗಿ ಕೊಡತಾರಂತ,
ಪೇಪರಿನಾಗ ಬಂದೈತಿ.
ಎಷ್ಟಂತ ಬರದಿಲ್ಲ.
ಕತ್ತರಿಸಿ ಇಟ್ಟೀನಿ.

ಇವತ್ತ ನೀರ ಎದಿಮಟ ಐತಿ.
ಗೆರಿ ಕಾಣಾಕ
ಇನ್ನ ಎಂಟ ದಿನ.